ಮೌಸಿನ ಮೇಲಿನ ಅರಿಶಿನ

ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ನಡುಮನೆಯಲ್ಲಿ ಗುಡ್ಡೆ ಹಾಕಿಕೊಂಡು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದೆ. ವರ್ಷ ತುಂಬಿದ ಕಾಯಿ ಒಳಗೊಳಗೇ ಒಣಗಿ ಗಿಟುಕು ಕೊಬ್ಬರಿಯಾಗಿದ್ದರೆ ಲೊಡಲೊಡ ಅನ್ನುತ್ತದೆ, ಅದು ಬಲಗಡೆಗೆ. ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಏನೂ ಅನ್ನದೆ ಮಂಕಾಗಿದ್ದರೆ ಒಳಗೆ ಕೆಟ್ಟಿದೆ ಅಂತ, ಅದು ಎಡಗಡೆಗೆ. ಯಜಮಾನರು ಫೋನು ಕೆಳಗಿಟ್ಟು ಬಂದು ಬಾಗಿಲಲ್ಲಿ ನಿಂತರು.

“ತುರುವೇಕೆರೆಯಿಂದ ಫೋನು. ನಮ್ಮ ಮೇಡಂ ಹೋಗ್ಬುಟ್ರಂತೆ ಕಣೇ. ಬೆಳಿಗ್ಗೆ ಎದೆ ನೋವು ಅಂದ್ರಂತೆ, ಅಷ್ಟೇ.”

ಅವರ ದನಿ ಒಡೆಯಿತು. ನಮ್ಮವ್ವ ತೀರಿಕೊಂಡಾಗಲೂ ಹೀಗೆ ಒಡೆದಿರಲಿಲ್ಲ. ಸತ್ತವರ ವಿಷಯ ಕೇಳಿದ ಕೂಡಲೇ ನನ್ನ ಮನಸ್ಸಿಗೆ ಮೊದಲು ಬಂದದ್ದು ಈ ಲೆಕ್ಕ. ದೇವರು ಕೇಳಿಸಿಕೊಂಡಿರುತ್ತಾನೆ, ಆದ್ದರಿಂದ ಮುಚ್ಚಿಡುವುದಿಲ್ಲ.

ಆಕೆಗೆ ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಹೆಸರು ಇಲ್ಲಿ ಬೇಡ. ಕೆಂಕೆರೆ ಕಡೆಯವರು. ಕಟ್ಟಿಕೊಂಡವನು ಬಿಟ್ಟುಹೋದ ಮೇಲೆ ಅಣ್ಣನ ಮನೆಯಲ್ಲಿದ್ದು ಟೈಪಿಂಗ್ ಕಲಿತು, ತಿಪಟೂರಿಗೆ ಬಂದು, ಸ್ಟೇಷನ್ ರಸ್ತೆಯಲ್ಲಿದ್ದ ನಮ್ಮ ಯಜಮಾನರ ಡಿಟಿಪಿ ಅಂಗಡಿಗೆ ಸೇರಿದರು. ಮದುವೆ ಕಾರ್ಡು, ಕಾಲೇಜಿನ ಪ್ರಶ್ನೆಪತ್ರಿಕೆ, ವಕೀಲರ ಕಾಗದ ಎಲ್ಲ ಅಲ್ಲಿ ಆಗುತ್ತಿತ್ತು. ಕಪ್ಪಗೆ, ತೆಳ್ಳಗೆ, ನನಗಿಂತ ನಾಲ್ಕು ವರ್ಷ ಚಿಕ್ಕವರು. ಕನ್ನಡಕದ ಒಂದು ಕಡ್ಡಿಗೆ ಬಿಳಿ ದಾರ ಸುತ್ತಿದ್ದರು. ಕೀಬೋರ್ಡ್ ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು. ಸಂಜೆ ಅಂಗಡಿ ಮುಚ್ಚುವಾಗ ಕಂಪ್ಯೂಟರಿನ ಮೇಲೆ ಹೂವಿನ ಬಟ್ಟೆ ಹೊದಿಸಿ, ಅಂಚನ್ನು ಎಳೆದು ಸರಿಮಾಡುತ್ತಿದ್ದರು, ಮಲಗಿದ ಕೂಸಿಗೆ ಹೊದಿಸಿದ ಹಾಗೆ. ಮಧ್ಯಾಹ್ನ ಸ್ಟೀಲಿನ ಡಬ್ಬಿಯಲ್ಲಿ ಮುದ್ದೆ, ಹುರುಳಿ ಸಾರು. ನಾನು ಯಜಮಾನರಿಗೆ ಬುತ್ತಿ ಒಯ್ದಾಗ, “ಅಕ್ಕ, ಒಂದ್ ತುತ್ತು?” ಅನ್ನುವರು. ನಾನು ಒಂದು ದಿನವೂ ತಿನ್ನಲಿಲ್ಲ.

ಆಗಿನ್ನೂ ಕಾಗದವನ್ನು ಕಂಪ್ಯೂಟರಿನಲ್ಲಿ ಕಳಿಸುವುದು ನಮ್ಮೂರಿಗೆ ಹೊಸದು. ಫೋನಿನ ತಂತಿಗೆ ಮೋಡೆಮ್ ಅನ್ನುವ ಡಬ್ಬ ಸಿಕ್ಕಿಸಿದರೆ ಅದು ಕಿರ್ರೋ ಅಂತ ಅರಚಿ ಮೇಲ್ ತರುತ್ತಿತ್ತು. ಆ ಮೇಲ್ ಜೊತೆಗೆ ವರ್ಡ್ ಫೈಲು ಅಂಟಿಕೊಂಡು ಬರುತ್ತಿತ್ತು. ಅದರೊಳಗೆ ಕೆಲವು ಸಲ ವೈರಸ್ ಅನ್ನುವ ರೋಗವೂ ಬರುತ್ತಿತ್ತು. ರೋಗ ಪತ್ತೆ ಮಾಡುವುದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಇತ್ತಂತೆ, ಆದರೆ ಮೇಡಂ ಅದನ್ನು ಅಷ್ಟಾಗಿ ನೆಚ್ಚುತ್ತಿರಲಿಲ್ಲ. “ಅದುಕ್ಕೆ ಹಳೇ ಕಳ್ಳರ ಮುಖ ಮಾತ್ರ ಗೊತ್ತು ಕಣ್ರೀ ಸಾರ್. ಹೊಸಬ ಬಂದ್ರೆ ಬಾ ಕೂತ್ಕೊ ಅಂತೈತೆ” ಅನ್ನುವರು.

ಒಂದು ದಿನ ನಾನಿದ್ದಾಗಲೇ ಕಾಲೇಜಿನ ಮೇಷ್ಟ್ರೊಬ್ಬರು ಫ್ಲಾಪಿ ತಂದರು. ರಜಾ ಅರ್ಜಿ, ಪ್ರಿಂಟ್ ತೆಗೆದುಕೊಡಿ ಅಂದರು. ಮೇಡಂ ಫೈಲು ತೆರೆಯಲಿಲ್ಲ. ಮೊದಲು ಅದರ ಗಾತ್ರ ನೋಡಿದರು.

“ಸಾರ್, ಎಷ್ಟು ಪುಟ ಐತೆ ಅರ್ಜಿ?”

“ನಾಲ್ಕೇ ಸಾಲು ಕಣಮ್ಮ. ಹೊಟ್ಟೆ ಸರಿ ಇಲ್ಲ, ಎರಡು ದಿನ ರಜ ಅಂತ.”

“ನಾಲ್ಕು ಸಾಲಿಗೆ ಇಪ್ಪತ್ತು ಕೇಬಿ ಸಾಕು. ಇದು ಅರವತ್ತು ದಾಟೈತೆ. ನಿಮ್ಮ ಹೊಟ್ಟೆ ಸರಿಯಿಲ್ಲದಿದ್ರೆ ಇರ್ಲಿ, ಅರ್ಜಿ ಹೊಟ್ಟೆ ಯಾಕೆ ಉಬ್ಬೈತೆ?”

ಮೇಷ್ಟ್ರು ನಕ್ಕರು, ಯಜಮಾನರು ಇನ್ನೂ ಜೋರಾಗಿ ನಕ್ಕರು. ಮೇಡಂ ನಗಲಿಲ್ಲ. ಆ ಫೈಲನ್ನು ವರ್ಡಿನಲ್ಲಿ ತೆರೆಯದೆ ನೋಟ್‌ಪ್ಯಾಡಿನಲ್ಲಿ ತೆರೆದರು. ನೋಟ್‌ಪ್ಯಾಡ್ ದಡ್ಡ, ಬರೆದದ್ದನ್ನು ತೋರಿಸುತ್ತದೆ, ಹೇಳಿದ ಕೆಲಸ ಮಾಡುವುದಿಲ್ಲ ಅಂತ ಯಜಮಾನರಿಗೆ ಹೇಳುತ್ತಿದ್ದರು. ಪರದೆ ತುಂಬ ಚೌಕ ಚೌಕ, ತಲೆಬುಡವಿಲ್ಲದ ಅಕ್ಷರ. ಆಕೆ ಅವಸರವಿಲ್ಲದೆ ಕೆಳಗೆ ಇಳಿಯುತ್ತ ಹೋದರು. ತುಟಿ ಸಣ್ಣಗೆ ಅಲುಗುತ್ತಿತ್ತು. ಹತ್ತಿರವಿದ್ದ ನನಗೆ ಕೇಳಿಸಿತು: “ನೀನ್ಯಾರಪ್ಪ? ಯಾರ ಮನೆಯವನು?” ಒಂದು ಕಡೆ ಬೆರಳು ನಿಂತಿತು. ಆ ಕಸದ ನಡುವೆ ‘ಆಟೋ ಓಪನ್’ ಅನ್ನುವ ಇಂಗ್ಲಿಷ್ ಪದ.

“ಸಿಕ್ದ ನೋಡ್ರಿ. ಅರ್ಜಿ ತೆರೆದ ತಕ್ಷಣ ನಾವು ಹೇಳದೇನೇ ಕೆಲಸಕ್ಕೆ ಇಳಿಯೋ ಆಳು ಇವನು. ಮ್ಯಾಕ್ರೋ ಅಂತಾರೆ. ಒಳ್ಳೆ ಕೆಲಸಕ್ಕೂ ಇರ್ತಾರೆ, ಆದ್ರೆ ರಜಾ ಅರ್ಜಿಗೆ ಆಳು ಯಾಕೆ ಬೇಕು?”

ಅರ್ಜಿಯ ನಾಲ್ಕು ಸಾಲನ್ನು ಮಾತ್ರ ಎತ್ತಿ, ಮ್ಯಾಕ್ರೋ ಹಿಡಿಯದ ಬೇರೆ ಬಗೆಯ ಫೈಲು ಮಾಡಿ ಕೊಟ್ಟರು. ನೂರು ಪುಟದ ಗೆರೆ ನೋಟ್‌ಬುಕ್ಕಿನಲ್ಲಿ ಯಾರ ಫೈಲು, ಎಷ್ಟು ಗಾತ್ರ, ಒಳಗೆ ಏನು ಸಿಕ್ಕಿತು ಅಂತ ಬರೆದುಕೊಂಡರು. ಆ ನೋಟ್‌ಬುಕ್ಕಿನ ಮೇಲೂ ನನಗೆ ಹೊಟ್ಟೆಕಿಚ್ಚು. ನಾನೂ ಎಸ್ಸೆಸ್ಸೆಲ್ಸಿ ಪಾಸಾದವಳು. ಅಕ್ಷರ ಗುಂಡಗಿದೆ. ಅಂಗಡಿಗೆ ಮೊದಲ ಕಂಪ್ಯೂಟರ್ ಬಂದ ವಾರ, “ನಂಗೂ ಹೇಳಿಕೊಡ್ರಿ” ಅಂತ ಕೇಳಿದ್ದೆ. “ನಿಂಗ್ಯಾಕೆ ಬುಡು, ಮನೆ ಕೆಲಸ ಸಾಲ್ದಾ?” ಅಂದಿದ್ದರು. ಅದೇ ಯಜಮಾನರು ಮೇಡಂಗೆ ಪೇಟೆಯಿಂದ ಹೊಸ ಕುರ್ಚಿ ತಂದುಕೊಟ್ಟರು, ಬೆನ್ನು ನೋಯುತ್ತದೆ ಅಂತ. ನನ್ನ ಬೆನ್ನನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಬಂದರೂ ಆಕೆಯದೇ ಮಾತು. “ಇವತ್ತು ಮೇಡಂ ಏನ್ ಮಾಡಿದ್ರು ಗೊತ್ತೇನೇ? ಮೆನುವಿನಲ್ಲಿ ಮ್ಯಾಕ್ರೋ ಅನ್ನೋ ಸಾಲೇ ಮಾಯವಾಗಿತ್ತು. ಕಳ್ಳ ಒಳಗೇ ಅವ್ನೆ, ದೀಪ ಆರಿಸವ್ನೆ ಅಂದ್ರು. ಹಂಗೇ ಇತ್ತು!” ನಾನು ಸಾರು ಬಡಿಸುತ್ತ, “ಉಪ್ಪು ಸರಿಯಾಗಿದೆಯಾ?” ಅನ್ನುವೆ. “ಹೂಂ” ಅನ್ನುವರು. ಒಂದು ದಿನ ಬೇಕೆಂದೇ ಉಪ್ಪು ಹಾಕಲಿಲ್ಲ. ಅವತ್ತೂ “ಹೂಂ” ಅಂದರು.

ಕೆಟ್ಟ ಸಂಶಯ ಏನೂ ಇರಲಿಲ್ಲ. ಅದು ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆಕೆ ಅವರನ್ನು ಸಾರ್ ಅನ್ನುವುದು ಬಿಟ್ಟು ಬೇರೆ ಅಂದಿದ್ದಿಲ್ಲ, ಅವರು ಮೇಡಂ ಅನ್ನುವುದು ಬಿಟ್ಟು ಬೇರೆ ಅಂದಿದ್ದಿಲ್ಲ. ನನಗೆ ಉರಿಯುತ್ತಿದ್ದುದು ಬೇರೆ. ಅವರ ಕಣ್ಣಿಗೆ ಅಷ್ಟು ಉಪಯೋಗದ ಹೆಂಗಸು ನಾನಲ್ಲವಲ್ಲ ಅಂತ.

ಒಂದು ಸಲ ಮೇಡಂ ನಮ್ಮ ಮನೆಗೇ ಬಂದರು, ಅಂಗಡಿಯ ಬೀಗದ ಕೈ ಕೊಡಲು. ನಾನು ಇವತ್ತಿನ ಹಾಗೆಯೇ ಕಾಯಿ ಅಲ್ಲಾಡಿಸುತ್ತ ಕೂತಿದ್ದೆ. ಆಕೆ ಹೊಸಲಿನ ಮೇಲೆ ನಿಂತು ಎಷ್ಟೋ ಹೊತ್ತು ನೋಡಿದರು.

“ಏನ್ ಕೇಳಿಸ್ತದೆ ಅಕ್ಕ?”

“ಒಳಗೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡಿದೆಯೋ ಇಲ್ಲವೋ ಅಂತ.”

“ಒಡೀದೇನೆ?”

“ಒಡೆದ ಮೇಲೆ ತಿಳಿದು ಏನ್ ಬಂತು? ಕೆಟ್ಟ ಕಾಯಿ ದೇವರ ಮುಂದೆ ಒಡೆದ್ರೆ ಗತಿ ಏನು?”

ಆಕೆಯ ಮುಖ ಅರಳಿತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಕಾಯಿ ಎತ್ತಿಕೊಂಡು ಕಿವಿಗೆ ಹಿಡಿದರು. ನಾಲ್ಕು ಕಾಯಿಯಲ್ಲಿ ಮೂರು ತಪ್ಪು ಹೇಳಿದರು. ಆ ಗಳಿಗೆ ನನ್ನ ಜೀವನದ ಸುಖದ ಗಳಿಗೆಗಳಲ್ಲಿ ಒಂದು. ಆದರೆ ಮರುದಿನ ಅಂಗಡಿಯಲ್ಲಿ ಯಜಮಾನರ ಎದುರಿಗೇ, “ಅಕ್ಕನ ಕಿವಿ ನಂಗಿಲ್ಲ ಸಾರ್. ಅವರನ್ನ ಈ ಕುರ್ಚಿ ಮೇಲೆ ಆರು ತಿಂಗಳು ಕೂರಿಸಿ ನೋಡಿ, ನಾನು ಬೇಕಾಗಲ್ಲ” ಅಂದರಂತೆ. ಯಜಮಾನರು ಅದನ್ನು ತಮಾಷೆಯಾಗಿ ಬಂದು ಹೇಳಿದರು. ನನಗೆ ಹೊಗಳಿಕೆ ಅನ್ನಿಸಲಿಲ್ಲ. ಭಿಕ್ಷೆ ಅನ್ನಿಸಿತು.

ಇಷ್ಟರ ನಡುವೆ ಕಾಲೇಜಿನಲ್ಲಿ ಕಂಪ್ಯೂಟರ್ ಆಪರೇಟರ್ ಕೆಲಸ ಖಾಲಿಯಾಯಿತು. ಕಾಯಂ ಕೆಲಸ. ಪ್ರಿನ್ಸಿಪಾಲರೇ ಮೇಡಂಗೆ ಬಾಯಿಮಾತಿನಲ್ಲಿ ಹೇಳಿದ್ದರು, ಮುಂದಿನ ವಾರ ಬಂದು ಕಾಣಿ, ಬೇರೆ ಯಾರನ್ನೂ ಕರೆದಿಲ್ಲ ಅಂತ. ಅಣ್ಣನ ಹಂಗಿಲ್ಲದೆ ತಿಪಟೂರಿನಲ್ಲೇ ಒಂದು ಮನೆ ಮಾಡಬಹುದು ಅಂತ ಆಕೆ ನನ್ನ ಹತ್ತಿರ ಹೇಳಿಕೊಂಡಿದ್ದು ಅದೊಂದೇ ಸಲ. “ಒಂದು ತುಳಸಿ ಕಟ್ಟೆ ಇರೋ ಮನೆ ಅಕ್ಕ” ಅಂದಿದ್ದರು. ಅಂಗಡಿ ಬಿಟ್ಟು ಹೋಗುತ್ತಾರಲ್ಲ ಅಂತ ನಾನು ಒಳಗೇ ಹಾಲು ಕುಡಿದೆ. ಆಮೇಲೆ, ನನಗೆ ಒಂದು ದಿನವೂ ಸಿಗದ ಸಂಬಳ ಈಕೆಗೆ ತಿಂಗಳು ತಿಂಗಳು ಸಿಗುತ್ತದಲ್ಲ ಅನ್ನಿಸಿ ಆ ಹಾಲೂ ಹುಳಿಯಾಯಿತು.

ಆ ವಾರದ ಶುಕ್ರವಾರ. ಹೊಸಲಿಗೆ ಅರಿಶಿನ ಬಳಿದು, ಗುಡಿಗೆ ಹೋಗಿ, ಪ್ರಸಾದ ತೆಗೆದುಕೊಂಡು ಬುತ್ತಿಯ ಜೊತೆ ಅಂಗಡಿಗೆ ಹೋದೆ. ಮೇಡಂ ಅಂಚೆ ಕಚೇರಿಗೆ ಹೋಗಿದ್ದರು. ಪೇಪರ್ ತೀರಿದೆ, ತರುತ್ತೇನೆ, ಒಂದರ್ಧ ಗಂಟೆ ಕೂತಿರು ಅಂತ ಯಜಮಾನರೂ ಎದ್ದುಹೋದರು. ಅಂಗಡಿಯಲ್ಲಿ ನಾನೊಬ್ಬಳೇ. ಹೊಸ ಕುರ್ಚಿ ಖಾಲಿ. ಕೂತೆ.

ಕಂಪ್ಯೂಟರಿನ ಹಣೆಗೆ ಒಂದು ಚೀಟಿ ಅಂಟಿಸಿತ್ತು. ಮೇಡಂ ಕೈಬರಹ: “ಗುಡಿ ಸಮಿತಿಯ ಪತ್ರ ತೆರೆಯಬೇಡಿ. ಕಳಿಸಿದ್ದು ಅವರೇನಾ ಅಂತ ಕೇಳಬೇಕು.”

ನನಗೆ ಮೈ ಉರಿಯಿತು. ಈಗಷ್ಟೇ ಕೈಮುಗಿದು ಬಂದ ಗುಡಿ. ಅಲ್ಲಿಯ ಸಮಿತಿಯವರು ಕಳಿಸಿದ ಕಾಗದ. ದೀಪೋತ್ಸವದ ಕರೆಯೋಲೆಯೇ ಇರಬೇಕು. ಅದಕ್ಕೂ ಅನುಮಾನವೇ? ಕೈಗೆ ಪ್ರಸಾದ ಹಾಕಿದರೆ ಮೂಸಿ ನೋಡಿ ತಿನ್ನುವವರುಂಟೇ? ಇದು ಜಾಣತನವಲ್ಲ, ಕೊಬ್ಬು ಅಂದುಕೊಂಡೆ. ನನ್ನ ಹೊಟ್ಟೆಕಿಚ್ಚಿಗೆ ಅವತ್ತು ದೇವರ ಹೆಸರು ಸಿಕ್ಕಿತು. ಅದಕ್ಕಿಂತ ಗಟ್ಟಿ ಮುಸುಕು ಯಾವುದಿದೆ?

ಅವರು ಮಾಡುವುದನ್ನು ಎಷ್ಟು ಸಲ ನೋಡಿದ್ದೆ. ಮೌಸ್ ಹಿಡಿದು ಆ ಪತ್ರದ ಮೇಲೆ ಎರಡು ಸಲ ಒತ್ತಿದೆ. ಒಂದು ಪೆಟ್ಟಿಗೆ ಎದ್ದು ಬಂತು. ಇದರೊಳಗೆ ಮ್ಯಾಕ್ರೋ ಇದೆ, ನಡೆಸಲೋ ಬೇಡವೋ ಅಂತ ಇಂಗ್ಲಿಷಿನಲ್ಲಿ ಕೇಳಿತು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ದೇವರ ಮನೆಯದಕ್ಕೆ ಬೇಡ ಅನ್ನಬಾರದು ಅಂತ, ನಡೆಸು ಅನ್ನುವುದನ್ನೇ ಒತ್ತಿದೆ.

ಪತ್ರ ತೆರೆಯಿತು. ಗುಡಿಯೂ ಇಲ್ಲ, ದೀಪವೂ ಇಲ್ಲ. ಯಾವುದೋ ಇಂಗ್ಲಿಷಿನ ನಾಲ್ಕು ಸಾಲು. ಮೋಡೆಮ್ಮಿನ ದೀಪ ಪಟಪಟ ಹೊಡೆದುಕೊಳ್ಳತೊಡಗಿತು. ನಾನು ಪತ್ರ ಮುಚ್ಚಿದೆ. ದೀಪ ನಿಲ್ಲಲಿಲ್ಲ.

ಮೇಡಂ ಬಂದದ್ದು ಆಗಲೇ. ಛತ್ರಿಯನ್ನು ಮೂಲೆಗೆ ಒರಗಿಸುತ್ತಿದ್ದವರು ಆ ದೀಪ ನೋಡಿ, ಛತ್ರಿ ಬಿಸಾಕಿ, ಫೋನಿನ ತಂತಿಯನ್ನು ಕಿತ್ತೇ ಹಾಕಿದರು. ಆಮೇಲೆ ಪರದೆ ನೋಡಿದರು. ಆಮೇಲೆ ಮೌಸ್ ನೋಡಿದರು. ಬಿಳಿ ಮೌಸಿನ ಎಡಗಡೆ ಗುಂಡಿಯ ಮೇಲೆ ಹಳದಿ ಬೆರಳಿನ ಗುರುತು ಒಂದು, ಅದರ ಪಕ್ಕ ಕುಂಕುಮದ ಒಂದು ಚುಕ್ಕಿ. ನನ್ನ ಕೈಯನ್ನು ನೋಡಲಿಲ್ಲ. ನೋಡುವ ಅಗತ್ಯ ಇರಲಿಲ್ಲ. ಗಾತ್ರ ನೋಡಿ ರೋಗ ಹೇಳುವ ಹೆಂಗಸು.

ಹೊರಗೆ ಯಜಮಾನರ ಸೈಕಲ್ಲಿನ ಸದ್ದಾಯಿತು. ಮೇಡಂ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಮೌಸನ್ನು ಒರೆಸಿದರು. ಚೀಟಿ ಕಿತ್ತು ನೋಟ್‌ಬುಕ್ಕಿನೊಳಗೆ ಇಟ್ಟರು. ಯಜಮಾನರು ಒಳಗೆ ಬರುವ ಹೊತ್ತಿಗೆ ನಾನು ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದಿದ್ದೆ, ಆಕೆ ಅದರ ಮುಂದೆ ನಿಂತಿದ್ದರು.

“ತಪ್ಪಾಯ್ತು ಸಾರ್. ಗುಡಿ ಸಮಿತಿ ಪತ್ರ ಅಂತ ಅವಸರಕ್ಕೆ ಒತ್ಬುಟ್ಟೆ. ನಮ್ಮ ವಿಳಾಸ ಪಟ್ಟಿಯಲ್ಲಿರೋರಿಗೆಲ್ಲ ಹೋಗೈತೆ ಅಂತ ಕಾಣ್ತದೆ. ಫೋನ್ ಮಾಡಿ ಹೇಳಬೇಕು, ಯಾರೂ ತೆರೀಬ್ಯಾಡಿ ಅಂತ.”

“ನೀವಾ?” ಅಂದರು ಯಜಮಾನರು. “ಮೇಡಂ, ನೀವಾ?”

ಆಗ ನನ್ನ ಬಾಯಿ ಕಟ್ಟಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬಾಯಿ ಚೆನ್ನಾಗಿಯೇ ಇತ್ತು. ಆದರೆ ಯಜಮಾನರ ಮುಖದಲ್ಲಿ ಆಕೆಯ ಮೇಲೆ ಮೊದಲ ಸಲ ಬೇಸರ ಮೂಡಿತ್ತು. ಅದನ್ನು ಇನ್ನೊಂದು ಗಳಿಗೆ ನೋಡೋಣ ಅನ್ನಿಸಿತು. ಆ ಒಂದು ಗಳಿಗೆಯೇ ಇಷ್ಟು ವರ್ಷ ಆಯಿತು.

ಫೋನು ಮಾಡುವಷ್ಟರಲ್ಲಿ ಕಾಲೇಜಿನ ಆಫೀಸಿನಲ್ಲಿ ತೆರೆದುಬಿಟ್ಟಿದ್ದರು. ಅಲ್ಲಿಯ ಗುಮಾಸ್ತರು ಹೇಳಿದ ಮಾತು ನನಗೆ ಈಗಲೂ ಚುಚ್ಚುತ್ತದೆ: “ಮೇಡಂ ಇರೋ ಅಂಗಡಿಯಿಂದ ಬಂದಿದೆ, ಅವರು ನೋಡದೆ ಕಳಿಸ್ತಾರಾ ಅಂತ ಕಣ್ಮುಚ್ಚಿ ಒತ್ತಿದ್ವಿ.” ಆಕೆಯ ಮೇಲಿನ ನಂಬಿಕೆಯೇ ಊರಿಗೆಲ್ಲ ರೋಗ ಹಂಚಿತು. ಕಾಲೇಜಿನ ಫೈಲುಗಳೆಲ್ಲ ಕೆಟ್ಟವು. ಮೇಡಂ ಒಂದು ತಿಂಗಳು ಫ್ಲಾಪಿ ಡಬ್ಬ ಹಿಡಿದು ಮನೆ ಮನೆಗೆ, ಆಫೀಸು ಆಫೀಸಿಗೆ ಹೋಗಿ ಒಂದೊಂದೇ ಫೈಲು ತೊಳೆದು ಕೊಟ್ಟರು. ಕಾಲೇಜಿನ ಕೆಲಸಕ್ಕೆ ಅರಸೀಕೆರೆಯಿಂದ ಬೇರೆ ಯಾರೋ ಬಂದರು.

ಆಮೇಲೆ ಆಕೆ ತಿಪಟೂರಿನಲ್ಲಿ ನಿಲ್ಲಲಿಲ್ಲ. ತುರುವೇಕೆರೆಯಲ್ಲಿ ಒಂದು ಸಣ್ಣ ಟೈಪಿಂಗ್ ಅಂಗಡಿ ಹಾಕಿಕೊಂಡರು. ಹೊರಡುವ ದಿನ ನಮ್ಮ ಮನೆಗೆ ಬಂದರು. ಯಜಮಾನರು ಆಟೋ ತರಲು ಹೋಗಿದ್ದರು. ನಾನು ಅವತ್ತು ಕೇಳಿಯೇಬಿಟ್ಟೆ.

“ಯಾಕೆ ಹಾಗೆ ಹೇಳಿದ್ರಿ?”

ಆಕೆ ಕನ್ನಡಕ ತೆಗೆದು ಒರೆಸಿದರು. “ನೀವು ಅಂತ ಹೇಳಿದ್ದಿದ್ರೆ ಸಾರ್ ನಿಮ್ಮನ್ನ ಇನ್ನು ಯಾವತ್ತೂ ಆ ಕುರ್ಚಿ ಮೇಲೆ ಕೂರಕ್ಕೆ ಬುಡ್ತಿರಲಿಲ್ಲ ಕಣಕ್ಕ. ನಂಗಾದ್ರೆ ಇನ್ನೊಂದು ಕುರ್ಚಿ ಸಿಕ್ತದೆ.” ಕನ್ನಡಕ ಹಾಕಿಕೊಂಡು, “ಕಾಲೇಜಿಂದು ಹೋಗ್ತದೆ ಅಂತ ಅನ್ಕೊಂಡಿರಲಿಲ್ಲ, ಅದು ನಿಜ” ಅಂದರು. ಆಟೋ ಬಂತು. ಮೆಟ್ಟಿಲಿಳಿಯುತ್ತ ತಿರುಗಿ, “ಮುಂದೆ ಒತ್ತೋಕೆ ಮುಂಚೆ ಒಂದ್ಸಲ ಅಲ್ಲಾಡಿಸಿ ನೋಡ್ರಕ್ಕ. ದೇವರದಾದ್ರೂ ಸರಿ. ನೀವೇ ಹೇಳಿದ್ರಲ್ಲ” ಅಂದರು.

ಗಂಡ ಬಿಟ್ಟವಳು ಅಂತ ನಾನು ಆಕೆಗೆ ಎಂದೂ ಕುಂಕುಮ ಕೊಟ್ಟಿರಲಿಲ್ಲ. ಅವತ್ತು ಕೊಡಬೇಕು ಅನ್ನಿಸಿತು. ಭರಣಿ ತರಲು ಒಳಗೆ ಹೋದೆ. ಅಲ್ಲಿ ನಿಂತು, ಇಷ್ಟು ದೊಡ್ಡ ಮನಸ್ಸು ಕೂಡ ಆಕೆಗೇ ಇರಬೇಕೇ ಅಂತ ಮತ್ತೆ ಕಿಚ್ಚು ಹತ್ತಿತು. ಬರುವಷ್ಟರಲ್ಲಿ ಆಟೋ ಹೋಗಿತ್ತು.

ಆ ಕುರ್ಚಿಯ ಮೇಲೆ ನಾನು ಮತ್ತೆ ಕೂರಲಿಲ್ಲ. ಯಜಮಾನರು ಬೇಡ ಅನ್ನಲಿಲ್ಲ. ನಾನೇ ಕೂರಲಿಲ್ಲ.

ಸಂಜೆ ದೀಪ ಹಚ್ಚುವಾಗ ದಿನದ ಸಣ್ಣ ಸಣ್ಣ ಉಪಕಾರಗಳನ್ನು ಬೆರಳ ಮೇಲೆ ಎಣಿಸುವುದು ನನ್ನ ರೂಢಿ. ನಲ್ಲಿಯಲ್ಲಿ ನೀರು ಬಂತು, ಹಾಲು ಒಡೆಯಲಿಲ್ಲ, ಯಜಮಾನರ ಕೆಮ್ಮು ಇಳಿಯಿತು. ಐದು ಬೆರಳು ತುಂಬಿದರೆ ಸಾಕು ಅಂತ ಕೈಮುಗಿಯುತ್ತೇನೆ. ಇಷ್ಟು ವರ್ಷದಲ್ಲಿ ಆ ಸೆರಗಿನ ತುದಿಯನ್ನು ಮಾತ್ರ ಒಂದು ದಿನವೂ ಎಣಿಸಿರಲಿಲ್ಲ.

ಯಜಮಾನರು ಅಂಗಿ ಹಾಕಿಕೊಳ್ಳುತ್ತಿದ್ದರು. ಹತ್ತೂವರೆ ಬಸ್ಸಿಗೆ ಹೋಗಬೇಕಿತ್ತು.

“ರೀ” ಅಂದೆ. “ಅವತ್ತು ಒತ್ತಿದ್ದು ನಾನು.”

“ಯಾವತ್ತು?”

“ಗುಡಿ ಪತ್ರ. ಮೇಡಂ ಅಲ್ಲ. ನಾನು ಒತ್ತಿದ್ದು. ಅವರು ಚೀಟಿ ಅಂಟಿಸಿ ಹೋಗಿದ್ರು, ತೆರೀಬೇಡಿ ಅಂತ.”

ಅವರು ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಪ್ರಿನ್ಸಿಪಾಲರು ನನ್ನನ್ನ ಕರೆಸಿ ಕೇಳಿದ್ರು ಕಣೇ” ಅಂದರು. “ಕೆಲಸಕ್ಕೆ ತಗೊಳ್ಳೋ ಮುಂಚೆ ಒಂದು ಮಾತು, ಒತ್ತಿದ್ದು ಅವರೇನಾ ಅಂತ. ಹೌದು ಅಂದೆ. ನನ್ನ ಬಾಯಿಂದಲೇ ಅಂದೆ.”

ಚಪ್ಪಲಿ ಮೆಟ್ಟಿಕೊಂಡರು. ಲೋಟದಲ್ಲಿದ್ದ ಕಾಫಿ ಹಾಗೆಯೇ ಇತ್ತು. ಗೇಟು ತೆಗೆದು ಹೋದರು, ಮುಚ್ಚಲಿಲ್ಲ.

ನಾನು ಹೋಗಿ ಗೇಟು ಮುಚ್ಚಿ ಬಂದೆ. ನಡುಮನೆಯಲ್ಲಿ ಕಾಯಿ ಹಾಗೇ ಬಿದ್ದಿದ್ದವು. ಸುದ್ದಿ ಬಂದಾಗ ನನ್ನ ಕೈಯಲ್ಲಿ ಒಂದು ಕಾಯಿ ಇತ್ತು. ಅದನ್ನು ಕೇಳಿಸಿಕೊಳ್ಳದೆ ಯಾವುದೋ ಗುಡ್ಡೆಗೆ ಹಾಕಿದ್ದೆ. ಬಲಗಡೆಗೋ ಎಡಗಡೆಗೋ ನೆನಪಾಗಲಿಲ್ಲ. ಕೂತೆ. ಬಲಗಡೆಯ ಗುಡ್ಡೆಯನ್ನೆಲ್ಲ ಮತ್ತೆ ಮುಂದಕ್ಕೆ ಎಳೆದುಕೊಂಡು, ಮೊದಲನೆಯದನ್ನು ಎತ್ತಿ ಕಿವಿಗೆ ಹಿಡಿದೆ.